‘ಎಲ್ಲಾ ಆಕೀದ ಐತಿ’ ಎಂಬ ಮಾತಿಗೆ ಕಾಗದವೆಲ್ಲಿದೆ?

ಬೈಲಹೊಂಗಲದ ದಲಾಲಿ ಅಂಗಡಿಯಲ್ಲಿ ಕೇಳಿ, ರಾಮದುರ್ಗದ ಮಗ್ಗದ ಮನೆಯಲ್ಲಿ ಕೇಳಿ, ಕಿತ್ತೂರಿನ ಕಬ್ಬಿನ ಹೊಲದ ಒಡ್ಡಿನ ಮೇಲೆ ನಿಂತು ಕೇಳಿ. ‘ಉತಾರದಾಗ ನಿಮ್ಮ ಮನಿಯವರ ಹೆಸರೈತೇನ್ರಿ?’ ಎಂದರೆ ಉತ್ತರದ ಧಾಟಿ ಒಂದೇ: ‘ನಂದೇನ್, ಆಕೀದೇನ್? ಎಲ್ಲಾ ಆಕೀದ ಐತಿ. ನಾ ಸತ್ತ ಮ್ಯಾಲ ಹೆಂಗೂ ಆಕೀಗೇ ಬರತೈತಿ.’ ಸುತ್ತ ಕುಳಿತವರು ಹೌದೆಂದು ತಲೆದೂಗುತ್ತಾರೆ. ಈ ಮಾತು ಆಡುವವರಲ್ಲಿ ಬಹಳ ಮಂದಿ ಕೆಟ್ಟವರಲ್ಲ. ಹೆಂಡತಿಯ ಮೇಲೆ ಪ್ರೀತಿ, ಗೌರವ ಇಟ್ಟುಕೊಂಡವರೇ. ಇದನ್ನು ಖಂಡಿಸುವುದು ಕಷ್ಟವಾಗಿರುವುದು ಅದಕ್ಕೇ, ಖಂಡಿಸಲೇಬೇಕಾಗಿರುವುದೂ ಅದಕ್ಕೇ. ಕೆಟ್ಟ ಗಂಡನ ಮೇಲೆ ದಾವೆ ಹೂಡಲು ಕೋರ್ಟು ಇದೆ. ಒಳ್ಳೆಯ ಗಂಡನ ಆಲಸ್ಯದ ಮೇಲೆ ದಾವೆ ಹೂಡಲು ಯಾವ ಕೋರ್ಟೂ ಇಲ್ಲ.

ಗಂಡ-ಹೆಂಡಿರ ಆಸ್ತಿಯ ಏರ್ಪಾಡನ್ನು ಇಬ್ಬರೂ ಬದುಕಿರುವಾಗ, ಇಬ್ಬರೂ ಚೆನ್ನಾಗಿರುವಾಗ ಬದಲಿಸಬೇಕು, ಕಾಗದದ ಮೇಲೆ ಬದಲಿಸಬೇಕು ಎಂಬುದು ನನ್ನ ವಾದ. ‘ಎಲ್ಲಾ ಒಂದ ಐತಿ’ ಎಂಬ ಮಾತು ಕಾನೂನಿನ ಮುಂದೆ ಸುಳ್ಳು, ಸಾವಿನ ಮುಂದೆ ಸುಳ್ಳು, ಸಾಲಗಾರನ ಮುಂದಂತೂ ಹಸಿ ಸುಳ್ಳು.

ಮೊದಲು ಕಾನೂನು ನೋಡಿ. ಹಿಂದೂ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಒಂದು ಗುಂಟೆಯೂ ಬರುವುದಿಲ್ಲ. ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಲ್ಲಿ ಆಸ್ತಿಯ ಮಾತು ಬರುತ್ತದೆ, ಆದರೆ ಅದು ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಮಟ್ಟಿಗೆ. ಗಂಡ ತಾನು ದುಡಿದು ಖರೇದಿ ಮಾಡಿದ ಹೊಲವನ್ನು ನಾಳೆ ಬೆಳಿಗ್ಗೆ ಸವದತ್ತಿಯ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾರಿ ಬಂದರೆ, ಅದಕ್ಕೆ ಹೆಂಡತಿಯ ಸಹಿಯ ಅಗತ್ಯವಿಲ್ಲ. ಇಪ್ಪತ್ತು ವರ್ಷ ಆ ಹೊಲದಲ್ಲಿ ಕಳೆ ಕಿತ್ತವಳಿಗೆ ಸುದ್ದಿ ತಿಳಿಯುವುದು ಹೊಸ ಮಾಲೀಕ ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗ.

ಸರ್ಕಾರದ ಲೆಕ್ಕವೂ ಸೋಜಿಗದ್ದು. ಭೂಸುಧಾರಣಾ ಕಾಯ್ದೆಯಲ್ಲಿ ಹೊಲದ ಮಿತಿ ಎಣಿಸುವಾಗ ಗಂಡ-ಹೆಂಡತಿ ಇಬ್ಬರದ್ದನ್ನೂ ಕೂಡಿಸಿ ಒಂದೇ ಕುಟುಂಬ ಎನ್ನುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಂಗಸು. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದೂ ಆ ಯಜಮಾನಿಯ ಖಾತೆಗೇ. ಅದೇ ಮನೆಯ ಉತಾರ ತೆಗೆಸಿ ನೋಡಿದರೆ ಯಜಮಾನ ಬೇರೆ. ಅಕ್ಕಿ ತರುವ ಕಾಗದದಲ್ಲಿ ಆಕೆ ಮುಖ್ಯಸ್ಥೆ, ಅಕ್ಕಿ ದುಡಿಯುವ ನೆಲದ ಕಾಗದದಲ್ಲಿ ಆಕೆ ಯಾರೂ ಅಲ್ಲ. ಪೀಕಸಾಲ, ಪಿಎಂ-ಕಿಸಾನ್ ಕಂತು, ನೀರಾವರಿಗೆ ನೆಲ ಹೋದರೆ ಬರುವ ಪರಿಹಾರ, ಯಾವುದಕ್ಕೆ ಹೋದರೂ ಮೇಜಿನ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಉತಾರ ಯಾರ ಹೆಸರ್ಲೆ ಐತಿ?’ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ಕಡೆಯ ಊರುಗಳಿಗೆ ನುಗ್ಗಿದಾಗ ನೀರೇನೋ ಹೆಸರು ಕೇಳದೆ ಮನೆ ಹೊಕ್ಕಿತು. ಕಚೇರಿ ಹಾಗೆ ಬಿಡುವುದಿಲ್ಲ.

ಇನ್ನು ಬಂಗಾರದ ಲೆಕ್ಕ. ನಮ್ಮ ಕಡೆ ಬೋರ್‌ವೆಲ್ ಹೊಡೆಸಲು ರೊಕ್ಕ ಎಲ್ಲಿಂದ ಬರುತ್ತದೆ? ಪತ್ತಿನ ಸಂಘದ ಮಿತಿ ಮುಗಿದಿರುತ್ತದೆ, ದಲಾಲಿಯ ಕೈಗಡ ಏರಿರುತ್ತದೆ. ಆಗ ಹೆಂಡತಿಯ ಬಿಲ್ವಾರ, ಸರ ಒತ್ತೆಗೆ ಹೋಗುತ್ತವೆ. ನೀರು ಬಿದ್ದರೆ ಹೊಲದ ಬೆಲೆ ಏರುತ್ತದೆ, ಏರಿದ ಬೆಲೆ ಗಂಡನ ಹೆಸರಿಗೆ. ನೀರು ಬೀಳದಿದ್ದರೆ ಹೋದದ್ದು ಆಕೆಯ ಬಂಗಾರ. ಸ್ತ್ರೀಧನ ಹೆಂಡತಿಯದೇ ಆಸ್ತಿ, ಗಂಡ ಅದರ ಕಾವಲುಗಾರ ಮಾತ್ರ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿತ್ತು. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದು ಇಬ್ಬರ ಜಂಟಿ ಆಸ್ತಿಯಾಗುವುದಿಲ್ಲ, ತಿರುಗಿ ಕೊಡುವುದು ಅವನ ಹೊಣೆ ಎಂದು 2024ರಲ್ಲಿ ಮತ್ತೆ ಹೇಳಿತು. ಅಂದ ಮೇಲೆ ಬಂಗಾರ ಬಾವಿಗಿಳಿದ ಪ್ರತಿ ಮನೆಯಲ್ಲೂ ಗಂಡ ಹೆಂಡತಿಗೆ ಸಾಲ ತೀರಿಸಬೇಕಾದವನು. ಆ ಸಾಲದ ಬೋಜಾ ಮಾತ್ರ ಯಾವ ಉತಾರದ ಮೇಲೂ ಏರಿಲ್ಲ. ರಾಮದುರ್ಗ, ಸುರೇಬಾನದ ನೇಕಾರ ಮನೆಯದೂ ಇದೇ ಕತೆ: ಕಂಡಿಕೆ ಸುತ್ತುವ ಕೈ ಆಕೆಯದು, ಮಗ್ಗ ಅವನದು, ಸಂಘದ ಷೇರೂ ಅವನದು.

‘ಅದು ಸ್ವಂತ ಗಳಿಕೆಯ ಮಾತಾತು, ನಮ್ಮದು ಹಿರ್ಯಾರ ಹೊಲ’ ಎನ್ನುವವರಿದ್ದಾರೆ. ಅಲ್ಲಿ ಹೆಂಡತಿಯ ಸ್ಥಿತಿ ಇನ್ನೂ ವಿಚಿತ್ರ. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ, ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು. 2020ರ ವಿನೀತಾ ಶರ್ಮಾ ತೀರ್ಪು ಉಳಿದಿದ್ದ ಗೊಂದಲವನ್ನೂ ತೊಳೆಯಿತು. ಮಗಳು ಪಾಲು ಕೇಳಬಹುದು, ಮಗ ಕೇಳಬಹುದು. ಅವರಿಬ್ಬರನ್ನೂ ಹೆತ್ತವಳು ಕೇಳುವಂತಿಲ್ಲ. ಮುಂಬಯಿ ಪದ್ಧತಿಯ ಮಿತಾಕ್ಷರ ನಡೆದು ಬಂದ ನಮ್ಮ ಭಾಗದಲ್ಲಿ ಗಂಡ ಮತ್ತು ಮಕ್ಕಳ ನಡುವೆ ವಾಟ್ನಿ ಆದರೆ ಆಕೆಗೂ ಮಗನಷ್ಟೇ ಪಾಲು ಉಂಟು. ಆದರೆ ವಾಟ್ನಿ ಮಾಡಿರೆಂದು ಒತ್ತಾಯಿಸುವ ಹಕ್ಕಿಲ್ಲ. ಆಕೆಯ ಪಾಲು ಬೇರೆಯವರ ಮನಸ್ಸಿನ ಮೇಲೆ ನಿಂತಿದೆ. ಆ ಮನಸ್ಸು ಎಂಥದ್ದೆಂದು ತಿಳಿಯಲು ಹಳೆಯ ವರ್ದಿಗಳನ್ನು ತೆಗೆದು ನೋಡಬೇಕು. ಅಣ್ಣತಮ್ಮಂದಿರು ತಲಾಠಿಯ ಮುಂದೆ ವರ್ದಿ ಕೊಟ್ಟು ಹೊಲ ಹಂಚಿಕೊಂಡರು. ದಿಕ್ಕು ಬರೆಸಿದರು, ಬಾವಿಯ ನೀರಿನ ಪಾಳಿ ಬರೆಸಿದರು, ಮಾವಿನ ಗಿಡ ಯಾರಿಗೆಂದೂ ಬರೆಸಿದರು. ಹೆಂಡತಿಯ ಹೆಸರು ಬರೆಸುವುದು ಯಾರಿಗೂ ನೆನಪಾಗಲಿಲ್ಲ.

ಎರಡನೆಯದು ಸಾವಿನ ಮುಂದಿನ ಸುಳ್ಳು. ‘ನಾ ಸತ್ತ ಮ್ಯಾಲ ಆಕೀಗೇ ಬರತೈತಿ.’ ಎಷ್ಟು ಬರುತ್ತದೆ? ಒಬ್ಬ ರೈತನಿಗೆ ಸ್ವಂತ ಗಳಿಕೆಯ ಆರು ಎಕರೆ ಇದೆ ಎನ್ನಿ. ತಾಯಿ ಇದ್ದಾಳೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮೃತ್ಯುಪತ್ರ ಬರೆಯದೆ ಆತ ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ಆರು ಪಾಲು. ‘ಎಲ್ಲಾ ಆಕೀದೇ’ ಎನಿಸಿಕೊಂಡವಳಿಗೆ ಒಂದು ಎಕರೆ. ಅದೇ ಮನುಷ್ಯ ಬದುಕಿದ್ದಾಗ ಅರ್ಧ ಹೊಲವನ್ನು ಹೆಂಡತಿಯ ಹೆಸರಿಗೆ ನೋಂದಣಿ ಮಾಡಿದ್ದರೆ? ಮೂರು ಎಕರೆ ಮೊದಲೇ ಆಕೆಯದು, ಉಳಿದ ಮೂರರಲ್ಲಿ ಆರನೇ ಒಂದು ಪಾಲು ಎಂದರೆ ಇಪ್ಪತ್ತು ಗುಂಟೆ. ಮೂರೂವರೆ ಎಕರೆಯ ಒಡತಿಗೂ ಒಂದು ಎಕರೆಯ ವಿಧವೆಗೂ ಇರುವ ಅಂತರ, ಗಂಡ ಮಾಡದೆ ಬಿಟ್ಟ ಒಂದು ದಿನದ ಕೆಲಸ.

ಇದು ಬರೀ ಗಣಿತವಲ್ಲ ಎನ್ನುವುದಕ್ಕೆ ನಮ್ಮ ನೆರೆಯ ಸಾಂಗಲಿಯಲ್ಲೇ ಸಾಕ್ಷಿ ಇದೆ. ಗುರುಪಾದ ಖಂಡಪ್ಪ ಮಗ್ದುಮ್ ವಿರುದ್ಧ ಹೀರಾಬಾಯಿ ಎಂಬ ಪ್ರಕರಣವನ್ನು ಹಿಂದೂ ಕಾನೂನು ಓದಿದ ವಕೀಲರೆಲ್ಲ ಬಲ್ಲರು. ಖಂಡಪ್ಪ 1960ರಲ್ಲಿ ತೀರಿಕೊಂಡ. ಹೆಂಡತಿ ಹೀರಾಬಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. 1962ರಲ್ಲಿ ಆಕೆ ಸಾಂಗಲಿಯ ಕೋರ್ಟಿನಲ್ಲಿ ತನ್ನ ಪಾಲಿಗಾಗಿ ದಾವೆ ಹಾಕಿದಳು. ಬದುಕಿದ್ದಾಗ ವಾಟ್ನಿ ಆಗಿದ್ದರೆ ಆಕೆಗೆ ನಾಲ್ಕನೇ ಒಂದು ಪಾಲು ಸಿಗುತ್ತಿತ್ತು. ಆಗಿರಲಿಲ್ಲ. ಹಾಗಾಗಿ ಗಂಡನ ಪಾಲಿನ ಆರನೇ ಒಂದಂಶ, ಅಂದರೆ ಒಟ್ಟು ಆಸ್ತಿಯ ಇಪ್ಪತ್ತನಾಲ್ಕನೇ ಒಂದು ಭಾಗ ಮಾತ್ರ ಎಂದು ಕೆಳ ಕೋರ್ಟು ಹೇಳಿತು. ಹೈಕೋರ್ಟು ಅದನ್ನು ಇಪ್ಪತ್ತನಾಲ್ಕರಲ್ಲಿ ಏಳಕ್ಕೆ ಏರಿಸಿತು. ಮಗ ಸುಪ್ರೀಂ ಕೋರ್ಟಿಗೆ ಹೋದ. 1978ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಹೀರಾಬಾಯಿಯ ಪರ ತೀರ್ಪು ಕೊಟ್ಟರು: ಸಾವಿನ ಮುಂಚಿನ ಕ್ಷಣದಲ್ಲಿ ವಾಟ್ನಿ ಆಗಿತ್ತೆಂದು ಭಾವಿಸಬೇಕು, ಭಾವಿಸಿದ ಮೇಲೆ ಹೆಂಡತಿಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೀರ್ಪು ದೊಡ್ಡದು, ಅದರಿಂದ ಸಾವಿರಾರು ವಿಧವೆಯರಿಗೆ ಅನುಕೂಲವಾಗಿದೆ. ಆದರೆ ಖಂಡಪ್ಪ ಬದುಕಿದ್ದಾಗ ಒಂದು ವಾಟ್ನಿ ಪತ್ರದಿಂದ ಆಗುತ್ತಿದ್ದ ಕೆಲಸಕ್ಕೆ ಹೀರಾಬಾಯಿ ಹದಿನಾರು ವರ್ಷ ತನ್ನ ಮಗನ ಎದುರು ಕೋರ್ಟಿನಲ್ಲಿ ನಿಲ್ಲಬೇಕಾಯಿತು. ‘ಹೆಂಗೂ ಬರತೈತಿ’ ಎನ್ನುವವರು ಈ ಹದಿನಾರು ವರ್ಷಕ್ಕೆ ಉತ್ತರ ಕೊಡಲಿ.

ಕಿತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಕಂಪನಿಯ ಕಲೆಕ್ಟರ್ ಥ್ಯಾಕರೆ ಎತ್ತಿದ ತಕರಾರು ಏನು? ದತ್ತಕ ದೊರೆ ಬದುಕಿದ್ದಾಗಲೇ ಆದದ್ದು ಹೌದೇ ಎಂಬ ಅನುಮಾನ. ಭಂಡಾರಕ್ಕೆ ಮುದ್ರೆ ಬಿತ್ತು, ಅಕ್ಟೋಬರ್ 23ರಂದು ಯುದ್ಧವಾಯಿತು, ಥ್ಯಾಕರೆ ಸತ್ತ. ಮುಂದೆ ಕೋಟೆಯೂ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಕಂಪನಿಗೆ ಬೇಕಾಗಿದ್ದದ್ದು ನೆಪ, ಕಾಗದ ಸರಿಯಿದ್ದರೂ ಇನ್ನೊಂದನ್ನು ಹುಡುಕುತ್ತಿತ್ತು, ಒಪ್ಪೋಣ. ಆದರೂ ಕೊನೆಗಳಿಗೆಯ ಕಾಗದ ವಿರೋಧಿಯ ಕೈಗೆ ಎಷ್ಟು ಸುಲಭದ ಆಯುಧ ಎಂಬುದಕ್ಕೆ ನಮ್ಮ ನೆಲದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗಿ ರಾಣಿಗೆ ಜೈ ಎನ್ನುತ್ತೇವೆ. ಮನೆಗೆ ಬಂದರೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಮೃತ್ಯುಪತ್ರ ಹಿಡಿದು ಅಣ್ಣತಮ್ಮಂದಿರು ಅತ್ತಿಗೆಯ ವಿರುದ್ಧ ಥ್ಯಾಕರೆಯ ವಾದವನ್ನೇ ಹೂಡಿರುತ್ತಾರೆ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ರಂಡೆ ಹುಣ್ಣಿಮೆಗೆ ಬಳೆ ಒಡೆಯುತ್ತಾರೆ, ಜಮದಗ್ನಿ ಸತ್ತನೆಂದು. ಮುಂದೆ ಭಾರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆ, ಕೈತುಂಬ ಹಸಿರು ಬಳೆ. ದೇವಿಗೆ ಹೋದದ್ದು ತಿರುಗಿ ಬರುತ್ತದೆ. ಗುಡ್ಡದ ಕೆಳಗಿನ ಊರುಗಳ ಹೆಂಗಸರಿಗೆ ಉತಾರದ ವಿಷಯದಲ್ಲಿ ಅಂಥ ಎರಡನೆಯ ಹುಣ್ಣಿಮೆ ಇಲ್ಲ.

ಮೂರನೆಯದು ಸಾಲಗಾರನ ಮುಂದಿನ ಸುಳ್ಳು. ಹೆಂಡತಿಯ ಹೆಸರಿಗೆ ಆಸ್ತಿ ಮಾಡುವುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆಯೇನಲ್ಲ. ಬ್ಯಾಂಕಿನ ನೋಟಿಸು ಬಂದಾಗ, ವ್ಯಾಪಾರ ಮುಳುಗುವ ಲಕ್ಷಣ ಕಂಡಾಗ, ಹೆಂಡತಿ ದಿಢೀರನೆ ನೆನಪಾಗುತ್ತಾಳೆ. ಆಗ ಬಕ್ಷೀಸ ಪತ್ರ ಒಂದೇ ದಿನದಲ್ಲಿ ತಯಾರಾಗುತ್ತದೆ. ಚುನಾವಣೆಗೆ ನಿಂತವರ ಪ್ರಮಾಣಪತ್ರಗಳಲ್ಲಿ ಹೆಂಡತಿಗೆಂದೇ ಬೇರೆ ಕಾಲಂ ಇದೆ. ಅಲ್ಲಿ ಎಕರೆಗಟ್ಟಲೆ ಹೊಲ, ಕಟ್ಟಡ, ಬಂಗಾರ ಕಾಣಿಸುವಾಗ ‘ನಂದೇನ್, ಆಕೀದೇನ್’ ಎಂಬ ಮಾತು ಎಲ್ಲಿ ಹೋಗುತ್ತದೋ! ಸಾಲಗಾರರಿಗೆ ಟೋಪಿ ಹಾಕಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ಕೋರ್ಟು ರದ್ದು ಮಾಡಬಲ್ಲದು. ಆದಾಯ ತೆರಿಗೆಯವರೂ ಹೆಂಡತಿಗೆ ಬಿಟ್ಟಿ ಕೊಟ್ಟ ಕಟ್ಟಡದ ಬಾಡಿಗೆಯನ್ನು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ. ಹಾಗಾಗಿ ಮೋಸಕ್ಕೆ ಮಾಡಿದರೆ ನಿಲ್ಲುವುದಿಲ್ಲ, ಮನಸಾರೆ ಮಾಡಿದರೆ ಯಾರೂ ಅಲುಗಿಸಲಾರರು. ನಮ್ಮ ಗಂಡಸರು ಮಾತ್ರ ನಿಲ್ಲದ ಹೊತ್ತಿನಲ್ಲೇ ಮಾಡುತ್ತಾರೆ, ನಿಲ್ಲುವ ಹೊತ್ತಿನಲ್ಲಿ ಮಾಡುವುದಿಲ್ಲ.

ಇನ್ನು ಆಕ್ಷೇಪಗಳು. ‘ಆಕೀ ಹೆಸರಿಗೆ ಮಾಡಿದ್ರ ಹೊಲ ತವರಮನಿಗೆ ಹೋಗತೈತಿ.’ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮನ್ನು ಒಮ್ಮೆ ಓದಿ. ಹೆಂಗಸು ಮೃತ್ಯುಪತ್ರ ಬರೆಯದೆ ಸತ್ತರೆ ಆಸ್ತಿ ಮೊದಲು ಹೋಗುವುದು ಮಕ್ಕಳಿಗೆ ಮತ್ತು ಗಂಡನಿಗೆ. ಅವರಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆಮೇಲಷ್ಟೇ ಆಕೆಯ ತಂದೆತಾಯಿಯ ಸರದಿ. ನ್ಯಾಯವಾಗಿ ನೋಡಿದರೆ ಈ ಕಲಮಿನ ಮೇಲೆ ತಕರಾರು ಇರಬೇಕಾದದ್ದು ತವರಿನವರಿಗೆ, ಅತ್ತೆಮನೆಯವರಿಗಲ್ಲ. ‘ಆಕೀ ಮಾರಿಬಿಟ್ರ?’ ಮಾರಬಹುದು. 14ನೇ ಕಲಮಿನಂತೆ ಆಕೆ ಪೂರ್ಣ ಒಡತಿ. ಮಾರುವ ಹಕ್ಕಿಲ್ಲದ ಒಡೆತನ ಒಡೆತನವಲ್ಲ. ಗಂಡ ಇಸ್ಪೀಟಿಗೆ, ಕುಡಿತಕ್ಕೆ ಮಾರಿದ ಹೊಲಗಳನ್ನು ಎಣಿಸಿದ ಮೇಲೆ ಈ ಪ್ರಶ್ನೆ ಕೇಳುವ ಧೈರ್ಯ ಇದ್ದರೆ ಕೇಳಿ. ‘ಹೊಲ ತುಂಡಾಗತೈತಿ.’ ಅಣ್ಣತಮ್ಮಂದಿರ ವಾಟ್ನಿಯಲ್ಲಿ ಐದೈದು ಗುಂಟೆಯ ಪಟ್ಟಿ ಮಾಡಿದವರ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ. ಜಂಟಿ ಖಾತೆ ಮಾಡಿದರೆ ಒಂದು ಒಡ್ಡೂ ಹೊಸದಾಗಿ ಹಾಕಬೇಕಿಲ್ಲ.

‘ಗಂಡ-ಹೆಂಡರ ನಡುವೆ ಕಾಗದ ಬಂದ್ರ ಸಂಸಾರ ಒಡೀತೈತಿ’ ಎಂಬುದು ಕೊನೆಯ, ಎಲ್ಲಕ್ಕಿಂತ ಪೊಳ್ಳು ಆಕ್ಷೇಪ. ಚೋರ್ಲಾ ಘಟ್ಟ ಇಳಿದರೆ ಗೋವಾ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಇಂದಿಗೂ ನಡೆಯುತ್ತಿದೆ. ಬೇರೆ ಕರಾರು ಇಲ್ಲದಿದ್ದರೆ ಮದುವೆಯಾದ ದಿನದಿಂದ ಆಸ್ತಿ ಇಬ್ಬರದ್ದು. ಹೆಂಡತಿ ಒಪ್ಪದೆ ಗಂಡ ಮನೆ, ನೆಲ ಮಾರುವಂತಿಲ್ಲ. ಗೋವಾದ ಸಂಸಾರಗಳೇನು ಒಡೆದು ಹೋಗಿವೆಯೇ? ಹಾಗೆಂದು ಗೋವಾದ ಕಾನೂನನ್ನೇ ತಂದುಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಮದುವೆಗೆ ಮುಂಚೆ ಒಪ್ಪಿದ ಏರ್ಪಾಡನ್ನು ಆಮೇಲೆ ಬದಲಿಸುವಂತಿಲ್ಲ. ಫ್ರಾನ್ಸಿನಲ್ಲೂ 1965ರವರೆಗೆ ಅದೇ ಕಟ್ಟು ಇತ್ತು. ನಮ್ಮ ಕಾನೂನು ಇದಕ್ಕೆ ತಿರುಗುಮುರುಗು. ಮದುವೆಯ ದಿನ ಏನೂ ಕೊಡುವುದಿಲ್ಲ, ಆದರೆ ಮರುದಿನದಿಂದ ಸಾಯುವ ದಿನದವರೆಗೆ ಯಾವಾಗ ಬೇಕಾದರೂ ಗಂಡ-ಹೆಂಡತಿ ಆಸ್ತಿಯ ಏರ್ಪಾಡು ಬದಲಿಸಿಕೊಳ್ಳಲು ಬಿಡುತ್ತದೆ. ಇಷ್ಟು ಸಲೀಸು ಇದ್ದೂ ಬಳಸದವರು ಕಾನೂನನ್ನು ದೂರಬಾರದು.

ದಾರಿಗಳನ್ನು ಹೇಳಿಬಿಡುತ್ತೇನೆ. ಸ್ವಂತ ಗಳಿಕೆಯದಾದರೆ ಬಕ್ಷೀಸ ಪತ್ರ. ನೋಂದಣಿ ಆಗಬೇಕು, ಇಬ್ಬರು ಸಾಕ್ಷಿಗಳು ಬೇಕು, ಕೊಡುವವನು ಬದುಕಿರುವಾಗಲೇ ಪಡೆಯುವವಳು ಒಪ್ಪಿರಬೇಕು. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಮುದ್ರಾಂಕ ಕಟ್ಟಬೇಕಿಲ್ಲ, ನಿಗದಿತ ಸಣ್ಣ ಮೊತ್ತ ಸಾಕು. ಸರ್ವೆ ನಂಬರಿನಲ್ಲಿ ತುಂಡು ಕೊಡುವುದಾದರೆ 11ಇ ನಕ್ಷೆ ಮೊದಲೇ ಮಾಡಿಸಿಕೊಳ್ಳಿ. ಪಿತ್ರಾರ್ಜಿತ ಹೊಲವನ್ನು ಹೀಗೆ ಬಕ್ಷೀಸು ಕೊಡಲು ಬರುವುದಿಲ್ಲ, ಅದಕ್ಕೆ ಗಂಡ ಮತ್ತು ಮಕ್ಕಳ ನಡುವೆ ವಾಟ್ನಿ ಪತ್ರ ಮಾಡಿ ಆಕೆಯ ಪಾಲು ಎತ್ತಿಡಬೇಕು. ತನ್ನ ಪಾಲಿನ ಮಟ್ಟಿಗೆ ಮೃತ್ಯುಪತ್ರ ಬರೆಯಲು ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಬಿಡುತ್ತದೆ, ಆದರೆ ಮೇಲೆ ಹೇಳಿದ ಕಾರಣಕ್ಕೆ ಅದು ಕೊನೆಯ ಆಯ್ಕೆಯಾಗಿರಲಿ. ಮುಸಲ್ಮಾನ ಮನೆಗಳಲ್ಲಿ ಮಕ್ಕಳಿದ್ದರೆ ವಿಧವೆಗೆ ಬರುವುದು ಎಂಟನೇ ಒಂದು ಪಾಲು, ಅಲ್ಲಿ ಹಿಬಾದ ದಾರಿ ಮೊದಲಿನಿಂದಲೂ ತೆರೆದಿದೆ. ಹೊಸದಾಗಿ ಖರೇದಿ ಮಾಡುವವರು ಇಬ್ಬರ ಹೆಸರಿನಲ್ಲೇ ಮಾಡಲಿ. ಗಂಡ ತನ್ನ ಜೀವವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಬರೆಸಿದರೆ ಆ ಹಣಕ್ಕೆ ಸಾಲಗಾರರು ಕೈ ಹಾಕುವಂತಿಲ್ಲ.

ನಗರದ ಪ್ರಗತಿಪರ ಗೆಳೆಯರ ವಾದವನ್ನೂ ಬಿಡುವಂತಿಲ್ಲ. ‘ಒಬ್ಬೊಬ್ಬರ ಮನಸ್ಸಿಗೆ ಬಿಟ್ಟರೆ ಆಗದು, ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಕಾನೂನು ಬರಲಿ’ ಎನ್ನುತ್ತಾರೆ. ಬರಲಿ, ಬೇಡವೆಂದವರಾರು? 2013ರಲ್ಲಿ ವಿಚ್ಛೇದನದ ಹೊತ್ತಿಗೆ ಹೆಂಡತಿಗೆ ಪಾಲು ಕೊಡುವ ವಿಧೇಯಕ ರಾಜ್ಯಸಭೆಯಲ್ಲಿ ಪಾಸಾಗಿತ್ತು. ಲೋಕಸಭೆ ಅದನ್ನು ಪಾಸು ಮಾಡಲಿಲ್ಲ, ವಿಧೇಯಕ ಬಿದ್ದುಹೋಯಿತು. ಬಂದಿದ್ದರೂ ಅದು ಮನೆ ಒಡೆದವರಿಗಾಗಿ ಇದ್ದ ಕಾನೂನು. ಕೂಡಿ ಬಾಳುತ್ತಿರುವ ಕೋಟಿಗಟ್ಟಲೆ ಹೆಂಡಿರಿಗೆ ಅದರಲ್ಲಿ ಏನೂ ಇರಲಿಲ್ಲ. ಸಂಸತ್ತಿನ ದಾರಿ ಕಾಯುತ್ತ ಕುಳಿತವರ ಮನೆಯ ಉತಾರವೂ ಕಾಯುತ್ತಲೇ ಕುಳಿತಿದೆ.

ಮಹಾರಾಷ್ಟ್ರದ ರೈತರು ಕಾಯಲಿಲ್ಲ. ಶರದ್ ಜೋಶಿಯವರ ಶೇತಕರಿ ಸಂಘಟನೆ 1986ರಲ್ಲಿ ನಾಶಿಕ ಜಿಲ್ಲೆಯ ಚಾಂದವಡದಲ್ಲಿ ರೈತ ಹೆಂಗಸರ ದೊಡ್ಡ ಅಧಿವೇಶನ ನಡೆಸಿತು. ಆ ಮೇಲೆ ‘ಲಕ್ಷ್ಮೀ ಮುಕ್ತಿ’ ಎಂಬ ಚಳವಳಿ ಹುಟ್ಟಿತು. ಉತ್ಪನ್ನದ ಬೆಲೆಗಾಗಿ ರಸ್ತೆ ತಡೆದ ಗಂಡಸರಿಗೇ ಜೋಶಿ ಕೇಳಿದರು: ಸರ್ಕಾರ ನಿಮ್ಮ ದುಡಿಮೆಯ ಬಾಕಿ ಉಳಿಸಿಕೊಂಡಿದೆ ಎನ್ನುತ್ತೀರಿ, ಮನೆಯ ಲಕ್ಷ್ಮಿಯ ದುಡಿಮೆಯ ಬಾಕಿ ಯಾರು ಕೊಡಬೇಕು? ಊರೊಂದರಲ್ಲಿ ನೂರು ಮನೆಯವರು ಹೆಂಡಿರ ಹೆಸರಿಗೆ ನೆಲ ಮಾಡಿದರೆ ಅದು ಲಕ್ಷ್ಮೀ ಮುಕ್ತಿ ಗ್ರಾಮ. 1992ರಲ್ಲಿ ಅಲ್ಲಿಯ ಸರ್ಕಾರವೂ ಗಂಡ ಬದುಕಿರುವಾಗಲೇ, ಅವನ ಅರ್ಜಿಯ ಮೇಲೆ, ಹೆಂಡತಿಯ ಹೆಸರನ್ನು ಸಾತಬಾರಾ ಉತಾರದಲ್ಲಿ ಸೇರಿಸುವ ಯೋಜನೆ ತಂದಿತು. ನಮ್ಮ ಕಡೆಯ ರೈತ ಮುಖಂಡರು ಕಬ್ಬಿನ ದರಕ್ಕೆ, ಮಹದಾಯಿ ನೀರಿಗೆ ಬೀದಿಗಿಳಿದವರು, ಜೈಲು ಕಂಡವರು. ಆ ಹೋರಾಟಗಳಲ್ಲಿ ಹೆಂಗಸರೂ ರೊಟ್ಟಿ ಕಟ್ಟಿಕೊಂಡು ಬಂದು ಕುಳಿತಿದ್ದರು. ಅವರ ಹೆಸರಿಗೆ ಎಷ್ಟು ಗುಂಟೆ ಇದೆ ಎಂಬ ಪ್ರಶ್ನೆ ಯಾವ ವೇದಿಕೆಯಿಂದ ಬಂತು?

ಕರ್ನಾಟಕ ಸರ್ಕಾರ ಮಾಡಬೇಕಾದದ್ದು ಸ್ಪಷ್ಟ. ಗಂಡ-ಹೆಂಡತಿ ಜಂಟಿ ಖಾತೆಯ ದಸ್ತು ನೋಂದಣಿಯನ್ನು ಪೂರ್ತಿ ಉಚಿತ ಮಾಡಬೇಕು. ನೋಂದಣಿಯಾದ ದಸ್ತು ಭೂಮಿ ತಂತ್ರಾಂಶಕ್ಕೆ ಹೋಗಿ ಖಾತೆ ಬದಲಾಗುವ ವ್ಯವಸ್ಥೆ ಈಗಾಗಲೇ ಇದೆ, ಅದು ಈ ದಸ್ತುಗಳಿಗೆ ತಡವಿಲ್ಲದೆ ನಡೆಯಬೇಕು. ಸುಮ್ಮನೆ ಉತಾರದಲ್ಲಿ ಹೆಸರು ಏರಿಸಿದರೆ ಸಾಲದು, ಉತಾರದ ನಮೂದು ಒಡೆತನದ ದಸ್ತಾವೇಜಲ್ಲ, ಹಿಂದೆ ನೋಂದಾಯಿತ ಪತ್ರ ಇರಲೇಬೇಕು. ಹೊಲದ ಮೇಲೆ ಪತ್ತಿನ ಸಂಘದ ಬೋಜಾ ಇದ್ದರೆ ಸಂಘವೇ ಹೆಂಡತಿಯನ್ನೂ ಸದಸ್ಯೆ ಮಾಡಿಕೊಂಡು ಒಪ್ಪಿಗೆ ಕೊಡಬೇಕು. ಸಕ್ಕರೆ ಕಾರ್ಖಾನೆಗಳು ಷೇರಿನಲ್ಲಿ ಎರಡನೇ ಹೆಸರಿಗೆ ಅವಕಾಶ ಕೊಡಬೇಕು.

ಸರ್ಕಾರ ಮಾಡುವವರೆಗೆ ಗಂಡಸರು ಕಾಯಬೇಕಿಲ್ಲ. ಈ ವಾರ ನಾಡಕಚೇರಿಗೆ ಹೋಗಿ ನಿಮ್ಮ ಉತಾರ ತೆಗೆಸಿ. ಒಂಬತ್ತನೇ ಕಾಲಂ ನೋಡಿ. ಅಲ್ಲಿ ನಿಮ್ಮ ಹೆಸರಿನ ಪಕ್ಕ ಆಕೆಯ ಹೆಸರು ಇಲ್ಲದಿದ್ದರೆ, ನೀವು ಗಟ್ಟಿಮುಟ್ಟಾಗಿರುವಾಗ, ಸಾಲಗಾರ ಬಾಗಿಲಿಗೆ ಬರುವ ಮುಂಚೆ, ಸಬ್ ರಜಿಸ್ಟ್ರಾರ್ ಆಫೀಸಿಗೆ ಇಬ್ಬರೂ ಕೂಡಿ ಹೋಗಿ ಬನ್ನಿ. ಹೋಗಲು ಮನಸ್ಸಿಲ್ಲದಿದ್ದರೆ ಅದೂ ನಿಮ್ಮಿಷ್ಟ. ಆದರೆ ಅಂದಿನಿಂದ ಹೊಲ ನಿಮ್ಮೊಬ್ಬರದೇ ಎಂದು ನಾಲ್ಕು ಜನರ ಮುಂದೆ ನೇರವಾಗಿ ಹೇಳಿ. ಹೆಂಡತಿಗೆ ನೆಲ ಕೊಡಲಾಗದವನು ನಿಜವನ್ನಾದರೂ ಕೊಡಬೇಕು.